ಮೂಲೆಯ ಮೂರಡಿ ಜಾಗ

2011ರ ಜೂನ್ 23ರ ರಾತ್ರಿ ಅಮೆರಿಕದ ನ್ಯೂವರ್ಕ್ ನಗರದಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ನಡೆಯಿತು. ಕಾಲೇಜಿನಲ್ಲಿ ಹೆಸರು ಮಾಡಿದ ಹುಡುಗರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ರಾತ್ರಿ ಅದು. ಎರಡನೆಯದಾಗಿ ಕರೆದ ಹೆಸರು ಡೆರಿಕ್ ವಿಲಿಯಮ್ಸ್, ಅರಿಜೋನಾ ವಿಶ್ವವಿದ್ಯಾಲಯದ ಫಾರ್ವರ್ಡ್, ಅಂದರೆ ಕಾಲೇಜಿನಲ್ಲಿ ಹೆಚ್ಚಾಗಿ ರಿಂಗಿನ ಬಳಿ ಆಡುವ ಎತ್ತರದ ಆಟಗಾರ. ಹದಿನೈದನೆಯದು ಕವೈ ಲೆನರ್ಡ್, ಸ್ಯಾನ್ ಡಿಯೇಗೊ ಸ್ಟೇಟ್‌ನ ಫಾರ್ವರ್ಡ್. ಇಬ್ಬರೂ ದಕ್ಷಿಣ ಕ್ಯಾಲಿಫೋರ್ನಿಯಾದವರು. 1991ರಲ್ಲಿ ಸುಮಾರು ಒಂದು ತಿಂಗಳ ಅಂತರದಲ್ಲಿ ಹುಟ್ಟಿದವರು. ಕಾಲೇಜಿನಲ್ಲಿ ಎರಡೆರಡೇ ವರ್ಷ ಆಡಿದವರು. ಆ ಮಾರ್ಚ್‌ನಲ್ಲಿ ಇಬ್ಬರ ತಂಡಗಳೂ ಅನಾಹೈಮ್‌ನ ಒಂದೇ ಅಂಗಣದಲ್ಲಿ, ಒಂದೇ ವಾರದಲ್ಲಿ, ಒಂದೇ ಎದುರಾಳಿ ಕನೆಕ್ಟಿಕಟ್‌ಗೆ ಸೋತು ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಿಂದ ಹೊರಬಿದ್ದಿದ್ದವು.

ಅಂದು ಯಾರನ್ನು ಕೇಳಿದ್ದರೂ ವಿಲಿಯಮ್ಸ್ ಹೆಸರನ್ನೇ ಮೊದಲು ಹೇಳುತ್ತಿದ್ದರು. ಎರಡನೇ ವರ್ಷದಲ್ಲಿ ಆತ ಪಂದ್ಯಕ್ಕೆ ಸರಾಸರಿ 19.5 ಅಂಕ ಗಳಿಸಿದ್ದ. ಡ್ಯೂಕ್ ವಿರುದ್ಧ 32 ಅಂಕ ಹೊಡೆದು ಅರಿಜೋನಾವನ್ನು ಗೆಲ್ಲಿಸಿದ್ದ. ಮೂರು ಅಂಕದ ಗೆರೆಯಾಚೆಯಿಂದ 74 ಬಾರಿ ಎಸೆದು 42 ಬಾರಿ ಬುಟ್ಟಿಗೆ ಹಾಕಿದ್ದ, ಅಂದರೆ ಶೇ 56.8. ಅದೇ ಋತುವಿನಲ್ಲಿ ಲೆನರ್ಡ್‌ನ ಲೆಕ್ಕ ಶೇ 29ರಷ್ಟಿತ್ತು. ದೂರದಿಂದ ಎಸೆಯಲು ಬರುವುದಿಲ್ಲ ಎಂಬುದೇ ಅವನ ಮೇಲಿದ್ದ ದೊಡ್ಡ ದೂರು. ಮುಂದೆ ಏನಾಯಿತೆಂಬುದು ಎನ್‌ಬಿಎ ನೋಡುವವರಿಗೆಲ್ಲ ಗೊತ್ತು. ಮೂರೇ ವರ್ಷದಲ್ಲಿ, 22ರ ವಯಸ್ಸಿನಲ್ಲಿ, ಲೆನರ್ಡ್ ಫೈನಲ್ ಸರಣಿಯ ಶ್ರೇಷ್ಠ ಆಟಗಾರನಾದ. ವಿಲಿಯಮ್ಸ್ ತಂಡದಿಂದ ತಂಡಕ್ಕೆ ಅಲೆದು, ಕೊನೆಗೆ ಯುರೋಪಿನ ಲೀಗ್‌ಗಳಲ್ಲಿ ನೆಲೆ ಕಂಡುಕೊಂಡ.

ಕಾಲೇಜಿನ ಫಾರ್ವರ್ಡ್ ವೃತ್ತಿಪರ ಆಟಕ್ಕೆ ಹೇಗೆ ತಯಾರಾಗಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಪ್ರತಿಭೆ, ಅದೃಷ್ಟ ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಹತ್ತಿರ ಹೋದಂತೆ ಬೇರೊಂದು ಸಂಗತಿ ಕಾಣುತ್ತದೆ. ಕಾಲೇಜಿನಲ್ಲಿ ತಂಡದ ಭಾರವನ್ನೆಲ್ಲ ಹೊತ್ತ ಹುಡುಗ ವೃತ್ತಿಪರ ಆಟಕ್ಕೆ ಬಂದ ಮೊದಲ ದಿನದಿಂದ ಚಿಕ್ಕವನಾಗಬೇಕು. ಒಂದು ಸಣ್ಣ ಕೆಲಸ ಹಿಡಿದು, ಅದನ್ನು ತಪ್ಪಿಲ್ಲದೆ ಮಾಡಿ, ಅಲ್ಲಿಂದ ಆಟವನ್ನು ಹಿಗ್ಗಿಸಬೇಕು. ಇದು ಹೇಳಲು ಸುಲಭ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಇಡೀ ಊರು ಹೊತ್ತು ಮೆರೆಸಿದ ಮೇಲೆ, ಮಾಡಲು ಬಹಳ ಕಷ್ಟ.

ಎರಡು ಆಟಗಳ ನಡುವಿನ ಅಂತರವೇನು ಎಂಬುದನ್ನು ಮೊದಲು ನೋಡೋಣ. ಕೋರ್ಟಿನ ಅಳತೆ ಎರಡರಲ್ಲೂ ಒಂದೇ: 94 ಅಡಿ ಉದ್ದ, 50 ಅಡಿ ಅಗಲ. ಅದರೊಳಗಿನ ಗೆರೆಗಳು, ಗಡಿಯಾರ, ನಿಯಮಗಳು ಬೇರೆ. ಕಾಲೇಜಿನಲ್ಲಿ ಇಪ್ಪತ್ತು ನಿಮಿಷದ ಎರಡು ಅವಧಿ, ಎನ್‌ಬಿಎಯಲ್ಲಿ ಹನ್ನೆರಡು ನಿಮಿಷದ ನಾಲ್ಕು. ಲೆನರ್ಡ್ ಆಡುವಾಗ ಕಾಲೇಜು ತಂಡಕ್ಕೆ ಚೆಂಡು ಎಸೆಯಲು 35 ಸೆಕೆಂಡ್ ಸಿಗುತ್ತಿತ್ತು, 2015ರಲ್ಲಿ ಅದು 30ಕ್ಕೆ ಇಳಿಯಿತು. ಎನ್‌ಬಿಎಯಲ್ಲಿ 24. ರಿಂಗಿನ ಮುಂದಿನ ಬಣ್ಣ ಬಳಿದ ಚೌಕ ಕಾಲೇಜಿನಲ್ಲಿ 12 ಅಡಿ ಅಗಲ, ಎನ್‌ಬಿಎಯಲ್ಲಿ 16. ಮೂರು ಅಂಕದ ಗೆರೆ 2011ರಲ್ಲಿ ಕಾಲೇಜಿಗೆ 20 ಅಡಿ 9 ಇಂಚು ದೂರದಲ್ಲಿತ್ತು, ಎನ್‌ಬಿಎಯಲ್ಲಿ ರಿಂಗಿನ ಎದುರಿನಿಂದ 23 ಅಡಿ 9 ಇಂಚು. ಸರಿಯಾಗಿ ಮೂರು ಅಡಿ ಹೆಚ್ಚು.

ಈ ಅಂಕಿಗಳಿಗಿಂತ ಫಾರ್ವರ್ಡ್‌ನನ್ನು ಹೆಚ್ಚು ಕಾಡುವುದು ಒಂದು ನಿಯಮ. ಎನ್‌ಬಿಎಯಲ್ಲಿ ಡಿಫೆನ್ಸ್ ಮಾಡುವವನು ಯಾರನ್ನೂ ಹತ್ತಿರದಿಂದ ಕಾಯದೆ ಸುಮ್ಮನೆ ಆ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಈ ಕಟ್ಟುಪಾಡಿಲ್ಲ. ಎತ್ತರದ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸಿ ಬಾಗಿಲು ಕಾಯಿಸಬಹುದು. ಹಾಗಾಗಿ ಆರೂಮುಕ್ಕಾಲು ಅಡಿಯ ಫಾರ್ವರ್ಡ್ ಅಲ್ಲಿ ದೈತ್ಯ. ಗುರಿ ತಪ್ಪಿ ಪುಟಿದ ಚೆಂಡು, ಅಂದರೆ ರೀಬೌಂಡ್, ಅವನದೇ, ಎದುರಾಳಿಯ ಎಸೆತ ತಡೆಯುವುದೂ ಅವನೇ, ಬೆನ್ನು ಕೊಟ್ಟು ತಳ್ಳಿಕೊಂಡು ಹೋಗಿ ಬುಟ್ಟಿಗೆ ಹಾಕುವುದೂ ಅವನೇ. ಎನ್‌ಬಿಎಗೆ ಬಂದರೆ ಅವನ ಎತ್ತರ ಅಲ್ಲಿನ ಸಾಧಾರಣ ಎತ್ತರ. ತಳ್ಳಿದರೆ ಅಲುಗದ ಮೂವತ್ತರ ಗಂಡಸರು ಎದುರಿಗಿರುತ್ತಾರೆ. ರಿಂಗಿನ ಕೆಳಗಿನ ಅವನ ಜಾಗದಲ್ಲಿ ಅವನಿಗಿಂತ ಮೂರು ನಾಲ್ಕು ಇಂಚು ಎತ್ತರದವನೊಬ್ಬ ಆಗಲೇ ನಿಂತಿರುತ್ತಾನೆ. ಇವನು ಹೊರಗೆ ಹೋಗಬೇಕು. ಹೊರಗೆ ನಿಂತು ಏನು ಮಾಡಬೇಕೆಂದು ಯಾರೂ ಕಲಿಸಿರುವುದಿಲ್ಲ.

ಲೆನರ್ಡ್‌ನನ್ನು ಅಂದು ಆರಿಸಿದ್ದು ಇಂಡಿಯಾನಾ ಪೇಸರ್ಸ್. ಆರಿಸಿದ ರಾತ್ರಿಯೇ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸ್ಪರ್ಸ್ ಕೊಟ್ಟದ್ದು ಜಾರ್ಜ್ ಹಿಲ್‌ನನ್ನು, ಕೋಚ್ ಗ್ರೆಗ್ ಪೊಪೊವಿಚ್‌ಗೆ ಅಚ್ಚುಮೆಚ್ಚಾಗಿದ್ದ ಗಾರ್ಡ್‌ನನ್ನು. ಎಸೆಯಲು ಬಾರದ ಒಬ್ಬ ಫಾರ್ವರ್ಡ್‌ಗಾಗಿ ಕೋಚ್‌ಗೆ ಪ್ರಿಯನಾದ ಆಟಗಾರನನ್ನೇ ಬಿಟ್ಟರೆಂದರೆ ಸ್ಪರ್ಸ್ ಏನನ್ನೋ ಕಂಡಿರಲೇಬೇಕು. ಕೈಗಳನ್ನಂತೂ ಎಲ್ಲರೂ ಕಂಡಿದ್ದರು. ಹೆಬ್ಬೆರಳಿನಿಂದ ಕಿರುಬೆರಳಿಗೆ 11 ಇಂಚಿಗೂ ಮೀರಿದ ಅಂಗೈ. ಎರಡು ತೋಳು ಚಾಚಿದರೆ 7 ಅಡಿ 3 ಇಂಚು. ಆದರೆ ಅಂಥ ತೋಳುಗಳುಳ್ಳ ಹುಡುಗರು ಪ್ರತಿವರ್ಷ ಬರುತ್ತಾರೆ, ಹೋಗುತ್ತಾರೆ. ಲೆನರ್ಡ್ ಸೇರಿದ ಮೇಲಷ್ಟೇ ಸ್ಯಾನ್ ಡಿಯೇಗೊ ಸ್ಟೇಟ್ ರಾಷ್ಟ್ರೀಯ ಟೂರ್ನಿಯಲ್ಲಿ ಇತಿಹಾಸದ ಮೊದಲ ಗೆಲುವು ಕಂಡಿತ್ತು. ಆ ಋತುವಿನಲ್ಲಿ ತಂಡ 34 ಪಂದ್ಯ ಗೆದ್ದು ಮೂರನ್ನಷ್ಟೇ ಸೋತಿತ್ತು. ಹುಡುಗ ಪಂದ್ಯಕ್ಕೆ ಹತ್ತಕ್ಕೂ ಹೆಚ್ಚು ರೀಬೌಂಡ್ ಹಿಡಿಯುತ್ತಿದ್ದ. ರೀಬೌಂಡ್ ಹಿಡಿಯುವವನಿಗೆ ಹಸಿವಿರುತ್ತದೆ ಎಂಬುದು ಈ ಆಟದಲ್ಲಿ ಹಳೆಯ ನಂಬಿಕೆ, ಅದರಲ್ಲಿ ನಿಜವೂ ಇದೆ.

ಸ್ಪರ್ಸ್‌ನಲ್ಲಿ ಚಿಪ್ ಎಂಗೆಲ್ಯಾಂಡ್ ಎಂಬ ಶೂಟಿಂಗ್ ಕೋಚ್ ಇದ್ದರು. ಡ್ಯೂಕ್‌ನಲ್ಲಿ ಆಡಿದವರು. 2005ರಿಂದ ಸ್ಪರ್ಸ್‌ನಲ್ಲಿದ್ದು ತಂಡದ ಗಾರ್ಡ್ ಟೋನಿ ಪಾರ್ಕರ್‌ನ ಎಸೆತವನ್ನು ತಿದ್ದಿದವರು. ಲೆನರ್ಡ್ ಅವರ ಕೈಗೆ ಸಿಕ್ಕಿದ್ದು ಡ್ರಾಫ್ಟ್ ಮುಗಿದ ಮೇಲಿನ ಕೆಲವೇ ದಿನ. ಜುಲೈ 1ಕ್ಕೆ ಲೀಗ್ ಮಾಲೀಕರಿಗೂ ಆಟಗಾರರ ಸಂಘಕ್ಕೂ ಇದ್ದ ಒಪ್ಪಂದ ಮುಗಿದು ಲೀಗ್‌ಗೆ ಬೀಗಮುದ್ರೆ ಬಿತ್ತು. ಆಮೇಲೆ ತಂಡದ ಸಿಬ್ಬಂದಿ ಆಟಗಾರನೊಂದಿಗೆ ಮಾತನಾಡುವಂತೆಯೂ ಇರಲಿಲ್ಲ.

ಆ ಚಿಕ್ಕ ಅವಧಿಯಲ್ಲಿ ಎಂಗೆಲ್ಯಾಂಡ್ ಹಿಡಿದದ್ದು ಒಂದೇ ಎಳೆ. ಲೆನರ್ಡ್ ಎಸೆಯುವಾಗ ಚೆಂಡನ್ನು ತಲೆಯ ಮೇಲೆ ಎತ್ತಿ ಹಿಂದಕ್ಕೆ ಒಯ್ಯುತ್ತಿದ್ದ. ಹಾಗೆ ಒಯ್ದಾಗ ಮೊಣಕೈ ಮಡಿಚಿ ಮತ್ತೆ ಬಿಚ್ಚುವ ದಾರಿ ಉದ್ದವಾಗುತ್ತದೆ. ಕಾಲಿನ ಬಲ ಕೈಗೆ ತಲುಪುವ ಹೊತ್ತಿಗೆ ಚೆಂಡು ಇನ್ನೂ ಹಿಂದಿರುತ್ತದೆ. ಹತ್ತಿರದಿಂದ ಎಸೆದರೆ ಇದು ನಡೆದುಹೋಗುತ್ತದೆ, ದೂರ ಹೆಚ್ಚಿದಂತೆ ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ಬೀಳುತ್ತದೆ. ಚೆಂಡು ಬಿಡುವ ಜಾಗವನ್ನು ಅವರು ಸ್ವಲ್ಪ ಕೆಳಕ್ಕೆ, ಹಣೆಯ ಮುಂದಕ್ಕೆ ತಂದರು. ಇಡೀ ಶೈಲಿಯನ್ನು ಒಡೆದು ಕಟ್ಟಲಿಲ್ಲ. ಹುಡುಗನ ದೇಹಕ್ಕೆ ಗೊತ್ತಿದ್ದ ಲಯವನ್ನು ಹಾಗೇ ಉಳಿಸಿ ಒಂದು ಕೀಲನ್ನು ಮಾತ್ರ ತಿರುಗಿಸಿದರು.

ಆಮೇಲಿನ ತಿಂಗಳುಗಳಲ್ಲಿ ಲೆನರ್ಡ್ ತಂಡದ ಕಣ್ಣಿಂದ ದೂರವಿದ್ದು ಅದನ್ನೇ ಎಸೆದ. ಡಿಸೆಂಬರ್ 25ಕ್ಕೆ ಮೊಟಕುಗೊಂಡ ಋತು ಶುರುವಾಯಿತು. ಆ ವರ್ಷ ಅವನ ಮೂರು ಅಂಕದ ಎಸೆತಗಳಲ್ಲಿ ಶೇ 37.6 ಬುಟ್ಟಿಗೆ ಬಿದ್ದವು. ಗೆರೆ ದೂರವಾಗಿತ್ತು, ಎದುರಾಳಿಗಳು ಬಲಿಷ್ಠರಾಗಿದ್ದರು, ಆದರೂ ಲೆಕ್ಕ ಕಾಲೇಜಿಗಿಂತ ಮೇಲೇರಿತು. ಕಲಿಸುವವರು ಹೇಳಿದ್ದನ್ನು ಕೇಳಿ, ಕಲಿಸುವವರಿಲ್ಲದಾಗಲೂ ಅದನ್ನೇ ಮಾಡಿದ ಹುಡುಗ ಅವನು. ನನ್ನ ದೃಷ್ಟಿಯಲ್ಲಿ ಈ ಒಂದು ಗುಣ ಅವನ ಅಂಗೈಯ ಅಗಲಕ್ಕಿಂತ ದೊಡ್ಡದು.

ಅವನ ಲೆಕ್ಕ ಮೇಲೇರಿದ್ದರ ಇನ್ನೊಂದು ಕಾರಣವನ್ನು ಕೋರ್ಟಿನ ಮೂಲೆಯಲ್ಲಿ ಹುಡುಕಬೇಕು. ಎನ್‌ಬಿಎಯ ಮೂರು ಅಂಕದ ಗೆರೆ ಪೂರ್ತಿ ಕಮಾನಲ್ಲ. ಪಕ್ಕದ ಗೆರೆಯ ಬಳಿ ಬಂದಾಗ ನೇರವಾಗಿ ಅಂತಿಮ ಗೆರೆಗೆ ಇಳಿಯುತ್ತದೆ. ಅಲ್ಲಿಂದ ರಿಂಗಿಗೆ 22 ಅಡಿ. ಬೇರೆಡೆಗಿಂತ ಒಂದೂಮುಕ್ಕಾಲು ಅಡಿ ಹತ್ತಿರ. ಹಾಗೆ ಇಳಿದಾಗ ಮೂರು ಅಂಕದ ಗೆರೆಗೂ ಕೋರ್ಟಿನ ಅಂಚಿಗೂ ನಡುವೆ ಉಳಿಯುವುದು ಮೂರು ಅಡಿ ಅಗಲದ ಒಂದು ಪಟ್ಟಿ. ಆರೂಮುಕ್ಕಾಲು ಅಡಿಯ ಆಟಗಾರ ಅಲ್ಲಿ ನಿಂತರೆ ಬೆರಳ ತುದಿ ಒಂದು ಗೆರೆಯ ಹತ್ತಿರ, ಹಿಮ್ಮಡಿ ಇನ್ನೊಂದರ ಹತ್ತಿರ. ಅರ್ಧ ಹೆಜ್ಜೆ ಮುಂದಾದರೆ ಎರಡೇ ಅಂಕ, ಅರ್ಧ ಹೆಜ್ಜೆ ಹಿಂದಾದರೆ ಚೆಂಡು ಎದುರಾಳಿಗೆ. ಕೆಳಗೆ ನೋಡಿ ಕಾಲು ಸರಿಪಡಿಸಿಕೊಳ್ಳಲು ಸಮಯವಿಲ್ಲ. ಚೆಂಡು ಬರುವ ಮೊದಲೇ ಮೊಣಕಾಲು ಬಾಗಿ, ಎರಡೂ ಅಂಗೈ ಎದೆಯ ಮುಂದೆ ತೆರೆದಿರಬೇಕು. ಬಂದದ್ದೇ ತಡ, ಮೇಲೇರಬೇಕು. ಕಾಯುವವನು ಐದಾರು ಹೆಜ್ಜೆ ದೂರದಿಂದ ಕೈಯೆತ್ತಿಕೊಂಡು ಹಾರಿ ಬರುತ್ತಿರುತ್ತಾನೆ.

ಲೆನರ್ಡ್‌ನ ಮೊದಲ ವರ್ಷದ ಆಟದ ಬಹುಪಾಲು ಈ ಪಟ್ಟಿಯಲ್ಲಿ ನಿಲ್ಲುವುದೇ ಆಗಿತ್ತು. ಚೆಂಡು ತಂಡದ ಹಿರಿಯರಾದ ಟೋನಿ ಪಾರ್ಕರ್, ಮನು ಜಿನೋಬಿಲಿ, ಟಿಮ್ ಡಂಕನ್ ಕೈಯಲ್ಲಿ ಓಡಾಡುತ್ತಿತ್ತು. ಇವನು ಮೂಲೆಯಲ್ಲಿ ಕಾಯಬೇಕು. ಬಂದರೆ ಎಸೆಯಬೇಕು, ಬರದಿದ್ದರೆ ರೀಬೌಂಡಿಗೆ ನುಗ್ಗಬೇಕು, ಚೆಂಡು ಕಳೆದರೆ ಎದುರಾಳಿಯ ಅತ್ಯುತ್ತಮ ಆಟಗಾರನನ್ನು ಹಿಡಿಯಲು ಓಡಬೇಕು. ಮದುವೆಯ ಪಂಕ್ತಿಯಲ್ಲಿ ಹೊಸ ಹುಡುಗನ ಕೈಗೆ ಮೊದಲು ಕೊಡುವುದು ಉಪ್ಪು, ಉಪ್ಪಿನಕಾಯಿಯ ಬಟ್ಟಲು. ಸಾರಿನ ಬಕೆಟ್ ಸಿಗುವುದು ಆಮೇಲೆ. ಲೆನರ್ಡ್ ಆ ಬಟ್ಟಲು ಹಿಡಿದು ಒಂದು ಸಾಲನ್ನೂ ಬಿಡದೆ ನಡೆದ. ವರ್ಷದಿಂದ ವರ್ಷಕ್ಕೆ ಅವನ ಸರಾಸರಿ ಅಂಕ ಹೀಗೆ ಏರಿತು: 7.9, 11.9, 12.8, 16.5, 21.2, 25.5. ಎಲ್ಲಿಯೂ ಜಿಗಿತವಿಲ್ಲ. ಮೂಲೆಯ ಎಸೆತದ ಮೇಲೆ ಮೂಲೆಯಿಂದ ಒಂದೆರಡು ಡ್ರಿಬಲ್ ಮಾಡಿ ನುಗ್ಗುವುದು ಸೇರಿತು. ಅದರ ಮೇಲೆ ಬೆನ್ನು ಕೊಟ್ಟು ತಿರುಗಿ ಎಸೆಯುವುದು, ಅದರ ಮೇಲೆ ಸಹ ಆಟಗಾರನ ತಡೆಯ ನೆರವಿನಿಂದ ತಾನೇ ಚೆಂಡು ಹಿಡಿದು ಆಟ ಕಟ್ಟುವುದು. 2014ರ ಫೈನಲ್‌ನಲ್ಲಿ ಲೆಬ್ರಾನ್ ಜೇಮ್ಸ್‌ನನ್ನು ಕಾಯುತ್ತಲೇ ಮಯಾಮಿಯಲ್ಲಿ ಮೂರನೇ ಪಂದ್ಯದಲ್ಲಿ 29 ಅಂಕ ಹೊಡೆದಾಗ ಪ್ರಪಂಚ ಬೆರಗಾಯಿತು. 2015 ಮತ್ತು 2016ರಲ್ಲಿ ಲೀಗ್‌ನ ಶ್ರೇಷ್ಠ ಡಿಫೆನ್ಸ್ ಆಟಗಾರನ ಪ್ರಶಸ್ತಿ ಅವನದಾಯಿತು.

ವಿಲಿಯಮ್ಸ್‌ಗೆ ಏನಾಯಿತು? ಆತ ಸೋಮಾರಿ, ದುರಹಂಕಾರಿ ಎಂದೆಲ್ಲ ಸುಲಭವಾಗಿ ಬರೆದುಬಿಡುವುದು ಅನ್ಯಾಯ. ಅವನು ಸೇರಿದ ಮಿನೆಸೋಟದಲ್ಲಿ ಅವನದೇ ಜಾಗದಲ್ಲಿ ಕೆವಿನ್ ಲವ್ ಇದ್ದ, ಪಕ್ಕದಲ್ಲಿ ಮೈಕಲ್ ಬೀಸ್ಲಿ ಇದ್ದ. ಇವನು ದೊಡ್ಡ ಫಾರ್ವರ್ಡ್ ಆಗಬೇಕೋ, ಸಣ್ಣ ಫಾರ್ವರ್ಡ್ ಆಗಬೇಕೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಮೊದಲ ಹೆಜ್ಜೆಗೆ ಬೇಕಾದ ಒಂದು ಸಣ್ಣ, ಖಚಿತ ಕೆಲಸವೇ ಅವನಿಗೆ ಸಿಗಲಿಲ್ಲ. ಜೊತೆಗೆ ಆ ಶೇ 56.8 ಎಂಬ ಅಂಕಿ ಎಲ್ಲರನ್ನೂ ದಾರಿ ತಪ್ಪಿಸಿತ್ತು. 74 ಎಸೆತ ಅಂದರೆ ಎಷ್ಟು? ಒಂದು ಒಳ್ಳೆಯ ಅಭ್ಯಾಸದ ದಿನ ಅದಕ್ಕಿಂತ ಹಲವು ಪಟ್ಟು ಎಸೆಯುತ್ತಾರೆ. ಅಷ್ಟು ಕಡಿಮೆ ಎಸೆತಗಳ ಲೆಕ್ಕ ಹೇಗೆ ಬೇಕಾದರೂ ವಾಲಬಹುದು. ಅದಕ್ಕೇ ಅನುಭವಿ ಆಯ್ಕೆಗಾರರು ಕಾಲೇಜು ಹುಡುಗನ ಮೂರು ಅಂಕದ ಲೆಕ್ಕಕ್ಕಿಂತ ಫ್ರೀ ಥ್ರೋ ಲೆಕ್ಕವನ್ನು ಹೆಚ್ಚು ನಂಬುತ್ತಾರೆ. ಅದರಲ್ಲಿ ಎಸೆತಗಳ ಸಂಖ್ಯೆ ಹೆಚ್ಚು, ದೂರ ಒಂದೇ, ತಡೆಯುವವರಿಲ್ಲ. ಹಾಗಾಗಿ ಕೈಯ ನಿಜ ಗೊತ್ತಾಗುತ್ತದೆ. ಫ್ರೀ ಥ್ರೋ ಗೆರೆಯಲ್ಲಿ ವಿಲಿಯಮ್ಸ್ ಮತ್ತು ಲೆನರ್ಡ್ ಇಬ್ಬರೂ ಹೆಚ್ಚುಕಡಿಮೆ ಸಮಬಲರು, ನಾಲ್ಕರಲ್ಲಿ ಮೂರು ಹಾಕುವವರು. ಒಬ್ಬನ ಎಸೆತ ತೋರಿದಷ್ಟು ಚೆನ್ನಾಗಿರಲಿಲ್ಲ, ಇನ್ನೊಬ್ಬನದು ತೋರಿದಷ್ಟು ಕೆಟ್ಟದಿರಲಿಲ್ಲ. ಎನ್‌ಬಿಎಯಲ್ಲಿ ವಿಲಿಯಮ್ಸ್‌ನ ಮೂರು ಅಂಕದ ಲೆಕ್ಕ ಶೇ 30ರ ಆಸುಪಾಸಿಗೆ ಬಂದು ನಿಂತಿತು.

2013ರ ನವೆಂಬರ್‌ನಲ್ಲಿ ಮಿನೆಸೋಟ ವಿಲಿಯಮ್ಸ್‌ನನ್ನು ಸ್ಯಾಕ್ರಮೆಂಟೊಗೆ ಕಳಿಸಿ ಲೂಕ್ ಎಂಬಾ ಎ ಮೂಟೆ ಎಂಬ ಕ್ಯಾಮರೂನ್‌ನ ಫಾರ್ವರ್ಡ್‌ನನ್ನು ಪಡೆಯಿತು. ಅಂಕ ಗಳಿಕೆಯಲ್ಲಿ ಸಾಧಾರಣ, ಡಿಫೆನ್ಸ್‌ನಲ್ಲಿ ಗಟ್ಟಿಗ. ಅಂಥ ಒಂದೇ ಕೆಲಸವನ್ನು ಹಿಡಿದು ಹತ್ತಕ್ಕೂ ಹೆಚ್ಚು ವರ್ಷ ಲೀಗ್‌ನಲ್ಲಿ ಬಾಳಿದ ಮನುಷ್ಯ. ತನ್ನ ದೇಶದಲ್ಲಿ ಬೇಸಿಗೆ ಶಿಬಿರ ನಡೆಸುತ್ತಿದ್ದ. ಆ ಶಿಬಿರಕ್ಕೆ ಬಂದವನೇ ಪಾಸ್ಕಲ್ ಸಿಯಾಕಮ್. ಪಾದ್ರಿಯಾಗಲೆಂದು ತಂದೆ ಸೆಮಿನರಿಗೆ ಸೇರಿಸಿದ್ದ ಹುಡುಗ. ಹದಿಹರೆಯದ ಕೊನೆಯವರೆಗೆ ಬ್ಯಾಸ್ಕೆಟ್‌ಬಾಲನ್ನು ಗಂಭೀರವಾಗಿ ಹಿಡಿದವನೇ ಅಲ್ಲ. ಶಿಬಿರದಲ್ಲಿ ಕಣ್ಣಿಗೆ ಬಿದ್ದು, ಅಮೆರಿಕಕ್ಕೆ ಬಂದು, ನ್ಯೂ ಮೆಕ್ಸಿಕೊ ಸ್ಟೇಟ್ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜು ತಂಡದಲ್ಲಿ ಆಡಿ, 2016ರ ಡ್ರಾಫ್ಟ್‌ನಲ್ಲಿ 27ನೆಯವನಾಗಿ ಟೊರಾಂಟೊ ರ‍್ಯಾಪ್ಟರ್ಸ್ ಸೇರಿದ.

ಸಿಯಾಕಮ್ ಕಥೆಯನ್ನು ತರುಣ ಫಾರ್ವರ್ಡ್‌ಗಳಿಗೆ ನಾನು ಲೆನರ್ಡ್ ಕಥೆಗಿಂತ ಮೊದಲು ಹೇಳಲು ಬಯಸುತ್ತೇನೆ. ಏಕೆಂದರೆ ಇದರಲ್ಲಿ ಸೋಲುವ ಹಂತವಿದೆ. ಮೊದಲ ವರ್ಷ ಗಾಯಾಳುಗಳ ಕಾರಣ ಅವನಿಗೆ ಮೊದಲ ಐವರಲ್ಲಿ ಜಾಗ ಸಿಕ್ಕಿತು, ಆಮೇಲೆ ಹೋಯಿತು. ತಂಡ ಅವನನ್ನು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದ ತನ್ನ ಕಿರಿಯ ತಂಡ ರ‍್ಯಾಪ್ಟರ್ಸ್ 905ಕ್ಕೆ ಇಳಿಸಿತು. ಎನ್‌ಬಿಎಯಿಂದ ಕಿರಿಯ ಲೀಗಿಗೆ ಇಳಿದರೆ ಬೇಸರವಾಗುತ್ತದೆ. ವಿಮಾನ ಹೋಗಿ ಬಸ್ಸು ಬರುತ್ತದೆ, ತುಂಬಿದ ಅಂಗಣ ಹೋಗಿ ಖಾಲಿ ಕುರ್ಚಿ ಬರುತ್ತವೆ. ಆದರೆ ಅಲ್ಲಿ ಚೆಂಡು ಕೈಗೆ ಸಿಗುತ್ತದೆ, ತಪ್ಪು ಮಾಡಲು ಅವಕಾಶ ಸಿಗುತ್ತದೆ. ಜೆರಿ ಸ್ಟ್ಯಾಕ್‌ಹೌಸ್ ತರಬೇತಿಯಲ್ಲಿ 905 ಆ ವರ್ಷ, 2017ರಲ್ಲಿ, ಪ್ರಶಸ್ತಿ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರ ಸಿಯಾಕಮ್. ಆ ಋತುವಿನಲ್ಲಿ ಎನ್‌ಬಿಎಯಲ್ಲಿ ಅವನು ಎಸೆದ ಮೂರು ಅಂಕದ ಚೆಂಡುಗಳು ಏಳು, ಬಿದ್ದದ್ದು ಒಂದು. ಎರಡನೇ ವರ್ಷ ಹೆಚ್ಚು ಎಸೆದ, ಶೇ 22ರಷ್ಟೇ ಬಿದ್ದವು. ಇಲ್ಲಿ ಕೋಚ್‌ಗಳು ಎಸೆಯಬೇಡ ಎನ್ನುವುದು ಸಹಜ. ರ‍್ಯಾಪ್ಟರ್ಸ್ ಎಸೆಯಲು ಬಿಟ್ಟರು. ಮೂರನೇ ವರ್ಷ ಶೇ 36.9. ಪಂದ್ಯಕ್ಕೆ 7 ಅಂಕದ ಆಟಗಾರ 17ರ ಹತ್ತಿರ ಬಂದು ಲೀಗ್‌ನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರನೆನಿಸಿದ. 2019ರ ಮೇ 30ರಂದು ಫೈನಲ್‌ನ ಮೊದಲ ಪಂದ್ಯದಲ್ಲಿ 17 ಬಾರಿ ಎಸೆದು 14 ಹಾಕಿದ, ಒಟ್ಟು 32 ಅಂಕ. ಅಂದು ಪಕ್ಕದಲ್ಲಿ ಆಡುತ್ತಿದ್ದವನು ಅಷ್ಟರಲ್ಲಿ ಟೊರಾಂಟೊಗೆ ಬಂದಿದ್ದ ಕವೈ ಲೆನರ್ಡ್. ಇಬ್ಬರೂ ಸೇರಿ ಆ ವರ್ಷ ಕಪ್ ಗೆದ್ದರು.

ಎಸೆತ ತಿದ್ದಿಕೊಂಡರೆ ಸಾಕೇ ಎಂದರೆ, ಸಾಲದು. ಡ್ರೇಮಂಡ್ ಗ್ರೀನ್‌ನ ವಿಷಯದಲ್ಲಿ ಎಸೆತ ಕೊನೆಯವರೆಗೂ ದೊಡ್ಡ ಅಸ್ತ್ರವಾಗಲೇ ಇಲ್ಲ. ಮಿಷಿಗನ್ ಸ್ಟೇಟ್‌ನಲ್ಲಿ ಟಾಮ್ ಇಝೋ ಕೈಕೆಳಗೆ ನಾಲ್ಕೂ ವರ್ಷ ಆಡಿದ. ಆರೂವರೆ ಅಡಿಯ ಫಾರ್ವರ್ಡ್, ದಪ್ಪ ಮೈ. ಒಳಗೆ ಆಡಲು ಕುಳ್ಳ, ಹೊರಗೆ ಆಡಲು ನಿಧಾನ ಎಂದು ತಂಡಗಳು ಒಂದರ ಹಿಂದೆ ಒಂದು ಬಿಟ್ಟವು. 2012ರಲ್ಲಿ 35ನೆಯವನಾಗಿ ಗೋಲ್ಡನ್ ಸ್ಟೇಟ್ ಆರಿಸಿತು. ಅವನಲ್ಲಿದ್ದದ್ದು ಕಣ್ಣು ಮತ್ತು ನಾಲಿಗೆ. ಎದುರಾಳಿ ಏನು ಮಾಡಹೊರಟಿದ್ದಾನೆಂದು ಒಂದು ಕ್ಷಣ ಮೊದಲು ಕಾಣುವುದು, ಕಂಡದ್ದನ್ನು ಉಳಿದ ನಾಲ್ವರಿಗೆ ಕೂಗಿ ಹೇಳುವುದು. 2014ರಲ್ಲಿ ತಂಡದ ಫಾರ್ವರ್ಡ್ ಡೇವಿಡ್ ಲೀ ಗಾಯಗೊಂಡು ಹೊರಗುಳಿದಾಗ ಜಾಗ ಸಿಕ್ಕಿತು, ಮತ್ತೆ ಅವನು ಅದನ್ನು ಬಿಟ್ಟುಕೊಡಲಿಲ್ಲ. 2015ರ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ತನ್ನ ಏಳಡಿಯ ಸೆಂಟರ್‌ನನ್ನು ಬೆಂಚಿಗೆ ಕಳಿಸಿ ಗ್ರೀನ್‌ನನ್ನೇ ಆ ಜಾಗದಲ್ಲಿ ಆಡಿಸಿ ಸರಣಿ ತಿರುಗಿಸಿತು. 2017ರಲ್ಲಿ ಅವನೂ ಲೀಗ್‌ನ ಶ್ರೇಷ್ಠ ಡಿಫೆನ್ಸ್ ಆಟಗಾರನಾದ. ಮಧ್ಯದವನು, ಎಲ್ಲಿಗೂ ಸಲ್ಲದವನು ಎಂದು ದೂರಿದ ಅದೇ ಮೈಕಟ್ಟು ಐದೂ ಜಾಗದ ಆಟಗಾರರನ್ನು ಕಾಯಬಲ್ಲ ಮೈಕಟ್ಟಾಯಿತು.

ಈ ಕಾಯುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಲೇಜಿನಿಂದ ಬಂದ ಫಾರ್ವರ್ಡ್ ಬೆಂಚಿನ ಮೇಲೆ ಉಳಿಯುವುದು ಹೆಚ್ಚಾಗಿ ಇದರಿಂದಲೇ. ಇಂದಿನ ವೃತ್ತಿಪರ ಆಟದಲ್ಲಿ ಚೆಂಡು ಹಿಡಿದವನಿಗೆ ಅವನ ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಡುತ್ತಾನೆ. ಕಾಯುವವರು ಆಗ ಪರಸ್ಪರ ಆಟಗಾರರನ್ನು ಬದಲಾಯಿಸಿಕೊಳ್ಳುತ್ತಾರೆ. ಕ್ಷಣಾರ್ಧದಲ್ಲಿ ಫಾರ್ವರ್ಡ್ ಎದುರಿಗೆ ಆರಡಿಯ ಚುರುಕಾದ ಗಾರ್ಡ್ ಬಂದು ನಿಂತಿರುತ್ತಾನೆ. ಆಗ ಸೊಂಟ ಇಳಿಸಿ, ಹಿಮ್ಮಡಿ ನೆಲಕ್ಕೆ ಅಂಟಿಸದೆ, ಎದೆಯನ್ನು ಅವನ ಮುಂದಿಟ್ಟು ಪಕ್ಕಕ್ಕೆ ಜಾರುತ್ತ ನಾಲ್ಕು ಸೆಕೆಂಡ್ ಕಾಯಬೇಕು. ನಾಲ್ಕೇ ಸೆಕೆಂಡ್ ಸಾಕು, ಗಡಿಯಾರ ಮುಗಿಯುತ್ತದೆ. ಎರಡು ಸೆಕೆಂಡಿಗೆ ಕಾಲು ಅಡ್ಡಾದರೆ ಎದುರಾಳಿ ರಿಂಗಿನ ಬಳಿ ಇರುತ್ತಾನೆ. ರಿಂಗಿನ ಕೆಳಗೆ ನಿಂತೇ ಬೆಳೆದ ಹುಡುಗನ ಸೊಂಟಕ್ಕೆ ಈ ಕೆಲಸ ಗೊತ್ತಿರುವುದಿಲ್ಲ. ಕಲಿಯಲು ಒಂದು ಬೇಸಿಗೆ ಸಾಲದು. ಅದಕ್ಕೇ ನಾನು ಹೇಳುವುದು: ಕಾಲೇಜಿನಲ್ಲಿದ್ದಾಗಲೇ ಅಭ್ಯಾಸದಲ್ಲಿ ಗಾರ್ಡ್‌ಗಳನ್ನು ಕಾಯಲು ಕೇಳಿ ಪಡೆಯಬೇಕು. ಅವಮಾನವಾದೀತು, ದಿನವೂ ದಾಟಿ ಹೋದಾರು. ದಾಟಿಸಿಕೊಳ್ಳಬೇಕಾದ ಜಾಗ ಅದೇ.

ಮೈಯ ವಿಷಯಕ್ಕೆ ಬಂದರೆ, ಎನ್‌ಬಿಎ ಋತು 82 ಪಂದ್ಯಗಳದು. ಕಾಲೇಜಿನದು ಸಾಮಾನ್ಯವಾಗಿ ಮೂವತ್ತು ಚಿಲ್ಲರೆ. ಆರು ತಿಂಗಳು ವಿಮಾನ, ಹೋಟೆಲು, ನಿದ್ದೆಗೆಟ್ಟ ರಾತ್ರಿ, ಬೆನ್ನುಬೆನ್ನಿಗೆ ಎರಡು ದಿನ ಎರಡು ಊರಲ್ಲಿ ಪಂದ್ಯ. ಜನವರಿಯ ಹೊತ್ತಿಗೆ ಹೊಸಬರ ಕಾಲು ಸೋಲುವುದು ಎಲ್ಲ ಕೋಚ್‌ಗಳಿಗೂ ಗೊತ್ತಿರುವ ಮಾತು. ಕಾಲು ಸೋತಾಗ ಎಸೆತ ಗಿಡ್ಡವಾಗುತ್ತದೆ. ಜನ ಕೈಯನ್ನು ದೂರುತ್ತಾರೆ, ತಪ್ಪು ತೊಡೆಯಲ್ಲಿರುತ್ತದೆ. ಋತು ನಡೆಯುವಾಗ ಪೂರ್ಣ ಅಭ್ಯಾಸಕ್ಕೆ ಬಿಡುವೇ ಸಿಗುವುದಿಲ್ಲ ಎಂಬುದೂ ಹೊರಗಿನವರಿಗೆ ಗೊತ್ತಿರುವುದಿಲ್ಲ. ಆಟ ಬೆಳೆಯುವುದು ಬೇಸಿಗೆಯಲ್ಲಿ, ಖಾಲಿ ಜಿಮ್ಮಿನಲ್ಲಿ. ಲೆನರ್ಡ್ ಮತ್ತು ಸಿಯಾಕಮ್ ಇಬ್ಬರೂ ಪ್ರತಿ ಅಕ್ಟೋಬರ್‌ನಲ್ಲಿ ಹೊಸದೊಂದನ್ನು ಕಲಿತು ಬಂದರು.

ಕಾಲೇಜಿನಲ್ಲಿ ಇದಕ್ಕೆಲ್ಲ ಸಮಯವಿದೆಯೇ? ಅಮೆರಿಕದ ಕಾಲೇಜು ಕ್ರೀಡೆಯ ನಿಯಮದಂತೆ ಋತುವಿನಲ್ಲಿ ಕಡ್ಡಾಯ ತಾಲೀಮಿಗೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಆ ಇಪ್ಪತ್ತರಲ್ಲಿ ಹೆಚ್ಚಿನದು ಮುಂದಿನ ಶನಿವಾರದ ಪಂದ್ಯಕ್ಕೆ ಹೋಗುತ್ತದೆ. ಕೋಚ್‌ಗೆ ಸಂಬಳ ಬರುವುದು ಈ ವರ್ಷ ಗೆದ್ದರೆ. ಮೂರು ವರ್ಷದ ಮೇಲೆ ಬೇರೆ ಊರಿನ ತಂಡಕ್ಕೆ ಉಪಯೋಗಕ್ಕೆ ಬರುವ ಎಸೆತವನ್ನು ಇವತ್ತು ಪಂದ್ಯದಲ್ಲಿ ಪ್ರಯೋಗಿಸು ಎಂದು ಯಾವ ಕೋಚ್ ಹೇಳಿಯಾನು? ತಂಡದ ದೃಷ್ಟಿಯಿಂದ ಅದು ಸರಿಯೂ ಹೌದು. ಹುಡುಗ ರಿಂಗಿನ ಕೆಳಗೆ ನಿಂತರೆ ಗೆಲುವು ಖಾತ್ರಿಯಿದ್ದಾಗ ಹೊರಗೆ ಕಳಿಸುವುದೇಕೆ? ಈ ಎಳೆದಾಟ ತಪ್ಪಿದ್ದಲ್ಲ. ಮಿತಿಯ ಗಂಟೆಗಳಾಚೆ ಒಬ್ಬನೇ ಬಂದು ಎಸೆಯುವ ಹುಡುಗನಿಗೆ ಮಾತ್ರ ದಾರಿ ಉಂಟು.

ನಮ್ಮಲ್ಲಿಯೂ ಈ ದೃಶ್ಯ ಅಪರಿಚಿತವಲ್ಲ. ಎತ್ತರದ ಹುಡುಗ ಬಂದರೆ ರಿಂಗಿನ ಕೆಳಗೆ ನಿಲ್ಲಿಸುವುದು ಕಾಲೇಜು ಪಂದ್ಯಗಳಲ್ಲಿ ಎಂದಿನಿಂದಲೂ ಇರುವ ಪದ್ಧತಿ. ಗೆರೆಗಳ ಮಟ್ಟಿಗೆ ನಮ್ಮ ಹುಡುಗರ ಸ್ಥಿತಿ ಒಂದು ರೀತಿಯಲ್ಲಿ ಉತ್ತಮ. ಭಾರತದಲ್ಲಿ ನಡೆಯುವುದು ಅಂತರರಾಷ್ಟ್ರೀಯ ಫೆಡರೇಶನ್‌ನ ನಿಯಮ: ಮೂರು ಅಂಕದ ಗೆರೆ 6.75 ಮೀಟರ್, ಎಸೆಯಲು 24 ಸೆಕೆಂಡ್. ಅಮೆರಿಕದ ಪುರುಷರ ಕಾಲೇಜು ಆಟ ಆ ಗೆರೆಗೆ ಬಂದದ್ದು 2019ರಲ್ಲಿ. ಗಡಿಯಾರದಲ್ಲಿ ಇನ್ನೂ ಬಂದಿಲ್ಲ. ಆದರೂ ನಮ್ಮವರಲ್ಲಿ ಅಮೆರಿಕದ ವೃತ್ತಿಪರ ಆಟದ ಬಾಗಿಲಿಗೆ ಹೋದ ಫಾರ್ವರ್ಡ್‌ಗಳು ಬೆರಳೆಣಿಕೆಯಷ್ಟೇ. ಅಮ್ಜ್ಯೋತ್ ಸಿಂಗ್ 2017–18ರಲ್ಲಿ ಕಿರಿಯ ಲೀಗ್‌ನ ಓಕ್ಲಹೋಮ ಸಿಟಿ ಬ್ಲೂ ತಂಡಕ್ಕೆ ಆಡಿದ. ದೆಹಲಿ ಬಳಿಯ ಎನ್‌ಬಿಎ ಅಕಾಡೆಮಿಯಲ್ಲಿ ಕಲಿತ ಪ್ರಿನ್ಸ್‌ಪಾಲ್ ಸಿಂಗ್ 2020–21ರಲ್ಲಿ ಜಿ ಲೀಗ್ ಎಂಬ ಅದೇ ಕಿರಿಯ ಲೀಗ್‌ನ ಇಗ್ನೈಟ್ ತಂಡ ಸೇರಿದ. ಮೈಕಟ್ಟಿನಲ್ಲಿ ಇಬ್ಬರೂ ಕಡಿಮೆಯಿರಲಿಲ್ಲ. ಕೊರತೆ ಪಂದ್ಯಗಳದ್ದು. ವರ್ಷಕ್ಕೆ ಕೆಲವೇ ಟೂರ್ನಿ ಆಡುವ ಹುಡುಗನಿಗೆ ಎಸೆದು ತಪ್ಪುವ ಅವಕಾಶವೇ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕೋರ್ಟಿಗೆ ಹೋಗುವ ಮಕ್ಕಳನ್ನು ನೋಡಿದಾಗಲೆಲ್ಲ ಇವರಿಗೆ ವಾರಕ್ಕೊಂದು ಲೀಗ್ ಪಂದ್ಯ ಸಿಕ್ಕಿದ್ದರೆ ಎಂದು ಮನಸ್ಸು ಮಿಡಿಯುತ್ತದೆ.

ಅಮೆರಿಕದಲ್ಲಿ ಈಗ ಲೆಕ್ಕಾಚಾರ ಬದಲಾಗುತ್ತಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಪಡೆಯಬಹುದು. 2025ರ ನ್ಯಾಯಾಲಯದ ಒಪ್ಪಂದದ ಮೇಲೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮನೆಯ ಕಷ್ಟಕ್ಕೆ ಹೆದರಿ, ಸಿದ್ಧವಾಗದೆಯೇ ಡ್ರಾಫ್ಟ್‌ಗೆ ಹೆಸರು ಕೊಡುತ್ತಿದ್ದ ಹುಡುಗರು ಈಗ ಇನ್ನೊಂದು ವರ್ಷ ಉಳಿಯುತ್ತಿದ್ದಾರೆ. ಇದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಹಣದ ಜೊತೆಗೆ ಒಂದು ಅಪಾಯವೂ ಬಂದಿದೆ. ಕಾಲೇಜಿನಿಂದ ಕಾಲೇಜಿಗೆ ದಾಟುವುದು ಸುಲಭವಾಗಿ, ಪ್ರತಿ ವಸಂತದಲ್ಲಿ ನೂರಾರು ಹುಡುಗರು ಹೆಚ್ಚು ಹಣ ಕೊಡುವ ಕಡೆಗೆ ಹೊರಡುತ್ತಾರೆ. ಹೆಚ್ಚು ಹಣ ಕೊಟ್ಟ ಕೋಚ್ ಹೆಚ್ಚು ಗೆಲುವು ಕೇಳುತ್ತಾನೆ. ಗೆಲುವು ಬೇಕೆಂದರೆ ಎತ್ತರದವನನ್ನು ಮತ್ತೆ ರಿಂಗಿನ ಕೆಳಗೇ ನಿಲ್ಲಿಸುತ್ತಾನೆ. ಎರಡು ವರ್ಷದಲ್ಲಿ ಮೂರು ಕೋಚ್‌ಗಳ ಕೈ ದಾಟಿದ ಹುಡುಗನ ಎಸೆತವನ್ನು ಯಾರು ತಿದ್ದಬೇಕು?

ಹಾಗಾಗಿ ದಾಟಲು ಹೊರಟ ಫಾರ್ವರ್ಡ್ ಹೊಸ ಕೋಚ್‌ನ ಎದುರು ಕುಳಿತಾಗ ಹಣದ ಮಾತು ಮುಗಿದ ಮೇಲೆ ಇನ್ನೆರಡು ಮಾತು ಕೇಳಲೇಬೇಕು. ಕಳೆದ ವರ್ಷ ನಿಮ್ಮ ತಂಡದ ಫಾರ್ವರ್ಡ್ ಪಂದ್ಯಕ್ಕೆ ಎಷ್ಟು ಬಾರಿ ಮೂಲೆಯಿಂದ ಎಸೆದ? ಸತತ ಆರು ತಪ್ಪಿದರೆ ಏಳನೆಯದನ್ನು ಎಸೆಯಲು ಬಿಡುತ್ತೀರಾ? ಡ್ರಾಫ್ಟ್‌ಗೆ ಹೆಸರು ಕೊಟ್ಟವನಿಗೆ ಮೇ ತಿಂಗಳಲ್ಲಿ ಷಿಕಾಗೊದ ಕಂಬೈನ್ ಎಂಬ ಪರೀಕ್ಷಾ ಶಿಬಿರಕ್ಕೆ ಕರೆ ಬಂದರೆ ಹೋಗಬೇಕು. ಅಲ್ಲಿ ತೋಳಿನ ಉದ್ದ, ಜಿಗಿತದ ಎತ್ತರ ಅಳೆಯುತ್ತಾರೆ, ತಂಡಗಳವರು ಕೂರಿಸಿಕೊಂಡು ಮಾತನಾಡುತ್ತಾರೆ. ಕಾಲೇಜಿನ ಅವಕಾಶ ಉಳಿಸಿಕೊಂಡೇ ಇದನ್ನೆಲ್ಲ ಮಾಡಿ ಗಡುವಿನೊಳಗೆ ಹಿಂದಿರುಗಬಹುದು. ನಾನು ನಿಮ್ಮಲ್ಲಿಗೆ ಬಂದರೆ ಮೊದಲ ವರ್ಷ ಕೋರ್ಟಿನ ಯಾವ ಜಾಗದಲ್ಲಿ ನಿಲ್ಲಿಸುತ್ತೀರಿ ಎಂದು ಪ್ರತಿ ತಂಡವನ್ನೂ ಕೇಳಿ, ಬಂದ ಉತ್ತರಗಳನ್ನು ಬರೆದುಕೊಳ್ಳಬೇಕು. ಎಲ್ಲರೂ ಒಂದೇ ಜಾಗ ತೋರಿಸಿದರೆ ಆ ಬೇಸಿಗೆ ಎಲ್ಲಿ ನಿಂತು ಎಸೆಯಬೇಕೆಂಬುದು ತೀರ್ಮಾನವಾದಂತೆ. ಒಬ್ಬೊಬ್ಬರು ಒಂದೊಂದು ಹೇಳಿದರೆ, ಅಥವಾ ಯಾರೂ ನೇರವಾಗಿ ಹೇಳದಿದ್ದರೆ, ಹೆಸರು ಹಿಂದಕ್ಕೆ ಪಡೆದು ಇನ್ನೊಂದು ವರ್ಷ ಕಾಲೇಜಿನಲ್ಲಿಯೇ ಆಡುವುದು ಒಳ್ಳೆಯದು.